ದಾರಕ್ಕೊಂದು ದಾರಿ ಬೇಕಲ್ಲ

ನಮ್ಮ ಸ್ಟುಡಿಯೋದ ಹಳೇ ಕಂಪ್ಯೂಟರಿನಲ್ಲಿ ‘ಸ್ಫೂರ್ತಿ’ ಅಂತ ಹೆಸರಿಟ್ಟ ಒಂದು ಫೋಲ್ಡರ್ ಇದೆ. ಸ್ಟುಡಿಯೋ ಶುರು ಮಾಡಿದ ದಿನದಿಂದ ಅದನ್ನು ತುಂಬಿಸುತ್ತಲೇ ಬಂದಿದ್ದೇವೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ, ಗದುಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು, ಹಾವೇರಿಯ ಏಲಕ್ಕಿ ಹಾರ, ನವಲಗುಂದದ ಜಮಖಾನೆ, ಬೆಟಗೇರಿಯ ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆ, ಜವಳಿ ಸಾಲಿನ ಯಾವುದೋ ಅಂಗಡಿಯ ಹಳೇ ಮರದ ಬೋರ್ಡು. ಇವುಗಳ ಜೊತೆಗೆ ಎಲ್ಲೆಲ್ಲಿಂದಲೋ ಇಳಿಸಿಕೊಂಡ ಜಪಾನಿನ ಚಹಾ ಡಬ್ಬಿಗಳು, ಪೋಲೆಂಡಿನ ಪೋಸ್ಟರುಗಳು. ಹೋದ ತಿಂಗಳು ಹಾರ್ಡ್ ಡಿಸ್ಕ್ ತುಂಬಿ ಕಂಪ್ಯೂಟರ್ ತಡವರಿಸತೊಡಗಿದಾಗ, ಏನಾದರೂ ಅಳಿಸೋಣ ಅಂತ ಆ ಫೋಲ್ಡರ್ ತೆರೆದು ಕೂತೆ. 4,000ಕ್ಕೂ ಮೇಲೆ ಚಿತ್ರಗಳಿದ್ದವು. ಒಂದೊಂದೇ ನೋಡುತ್ತ ಹೋದ ಹಾಗೆ ಒಂದು ವಿಚಾರ ಗಂಟಲಲ್ಲಿ ಸಿಕ್ಕಿಕೊಂಡಿತು. ನಾವು ಮಾಡಿದ ಕೆಲಸಗಳಲ್ಲಿ ಇವತ್ತಿಗೂ ನೋಡಿದರೆ ಮನಸ್ಸು ತುಂಬುವಂಥವು ಐದಾರು ಇರಬಹುದು. ಅವುಗಳಲ್ಲಿ ಒಂದೂ ಈ ಫೋಲ್ಡರಿನಿಂದ ಹುಟ್ಟಿದ್ದಲ್ಲ. ಹಾಗಾದರೆ ಅವು ಎಲ್ಲಿಂದ ಬಂದವು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾವು ಮೂವರೇ. ನಾನು, ಗದಗದಿಂದ ರೈಲಿಗೆ ಬಂದು ಹೋಗುವ ಒಬ್ಬ ಹುಡುಗ, ಧಾರವಾಡದಿಂದ ಚಿಗರಿ ಬಸ್ಸಿಗೆ ಬರುವ ಒಬ್ಬ ಹುಡುಗಿ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಒಂದು ಮನೆಯ ಮಾಳಿಗೆ ಮೇಲೆ ಎರಡು ಖೋಲಿ. ಮದುವೆ ಕಾರ್ಡಿನಿಂದ ಹಿಡಿದು ಉಪ್ಪಿನಕಾಯಿ ಲೇಬಲ್, ಖಾನಾವಳಿ ಬೋರ್ಡು, ಶಾಲೆಯ ವಾರ್ಷಿಕ ಸಂಚಿಕೆವರೆಗೆ ಬಂದದ್ದನ್ನೆಲ್ಲ ಮಾಡುತ್ತೇವೆ. ಬಂದವರು ಹೇಳುವ ಮಾತು ಬಹುತೇಕ ಒಂದೇ: “ನಮ್ಮ ಕಡೀದು ಅನ್ನಸಬೇಕ್ರಿ.” ನಮಗೂ ಬೇಕಾದದ್ದು ಅದೇ. ಹಾಗಾಗಿ ಕೈ ತಾನಾಗಿ ಕಸೂತಿಯ ಗೋಪುರದ ಕಡೆ ಹೋಗುತ್ತದೆ, ಇಳಕಲ್ ಸೆರಗಿನ ಟೋಪ ತೆನಿ ಚಿತ್ತಾರದ ಕಡೆ ಹೋಗುತ್ತದೆ, ಗುಳೇದಗುಡ್ಡ ಖಣದ ಬುಟ್ಟಾ ಕಡೆ ಹೋಗುತ್ತದೆ. ಹೋಟೆಲಿನ ಮೆನು ಕಾರ್ಡಿನ ಮೇಲೆ, ಸಹಕಾರಿ ಸಂಘದ ಕ್ಯಾಲೆಂಡರಿನ ಮೇಲೆ, ಚುನಾವಣೆಯ ಕರಪತ್ರದ ಮೇಲೆ ಅವೇ ಗೋಪುರ, ಅವೇ ತೆನಿ. ನಾವೂ ಅದನ್ನೇ ಮಾಡಿದ್ದೇವೆ, ಒಂದಲ್ಲ ಹತ್ತು ಸಲ. ಗಿರಾಕಿಗಳು ಖುಷಿಯಿಂದಲೇ ರೊಕ್ಕ ಕೊಟ್ಟಿದ್ದಾರೆ. ಆದರೆ ಆರು ತಿಂಗಳಾದ ಮೇಲೆ ಅದೇ ಕೆಲಸ ಮತ್ತೆ ಕಣ್ಣಿಗೆ ಬಿದ್ದರೆ, ಮಂದಿಯ ಮನೆಯಿಂದ ಎರವಲು ತಂದ ಸೀರೆಯುಟ್ಟ ಹಾಗೆ ಕಾಣುತ್ತದೆ.

ಹಿಂದ ಏನೈತಿ?

ಮೂರು ವರ್ಷದ ಹಿಂದಿನ ಮಾತು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಮಹಿಳಾ ಸಂಘದವರು ಬಂದಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮಾಡುತ್ತಾರೆ. ಬ್ಯಾಡಗಿಗೆ 2011ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ, ಹೆಸರಿಗೇನೂ ಕಡಿಮೆಯಿಲ್ಲ. ಆದರೆ ಅಂಗಡಿಯ ಕಪಾಟಿನಲ್ಲಿ ದೊಡ್ಡ ಕಂಪನಿಗಳ ಹೊಳೆಯುವ ಪ್ಯಾಕೆಟ್ಟುಗಳ ನಡುವೆ ಇವರ ಪುಡಿ ಕಾಣುವುದೇ ಇಲ್ಲ ಅನ್ನುವುದು ಅವರ ಕಷ್ಟ. ಬಣ್ಣ ಬಣ್ಣದ ಚೀಲ ಮಾಡಿಸಬೇಕೆಂದರೆ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಸಿಲಿಂಡರ್ ಕೊರೆಸಬೇಕು, ಸಾವಿರಗಟ್ಟಲೆ ಚೀಲಕ್ಕೆ ಆರ್ಡರ್ ಕೊಡಬೇಕು. ಇವರಿಗೆ ಒಂದು ಸಲಕ್ಕೆ ಬೇಕಾದದ್ದು 500. ಹಾಗಾಗಿ ಸಾದಾ ಚೀಲ, ಅದರ ಮೇಲೆ ಒಂದೇ ಬಣ್ಣದ ಅಂಟುಚೀಟಿ ಅಂತ ಗೊತ್ತಾಯಿತು. ಒಂದೇ ಬಣ್ಣ ಅಂದಕೂಡಲೇ ನನಗೆ ಹೊಳೆದದ್ದು ಕಸೂತಿ. ಫೋಲ್ಡರಿನಿಂದ ಒಂದು ಗೋಪುರ ತೆಗೆದೆ. ಮೇಲೆ ಗೆರೆ ಹಾಕಿಕೊಂಡು ತಿದ್ದಿದೆ. ಮೆಟ್ಟಿಲು ಮೆಟ್ಟಿಲಾಗಿದ್ದ ಅಂಚುಗಳನ್ನು ಸ್ವಲ್ಪ ನುಣುಪು ಮಾಡಿದೆ. ಗೋಪುರದ ಹೊಟ್ಟೆ ಖಾಲಿ ಅನಿಸಿತು, ಅಲ್ಲೊಂದು ಪುಟ್ಟ ಚೌಕ ಕೂಡಿಸಿದೆ. ಸುತ್ತಲೂ ಜಾಗ ಬಿಟ್ಟು, ಗಾಳಿಯಲ್ಲಿ ತೇಲುವ ಹಾಗೆ. ನೋಡಲು ಚಂದವೇ ಇತ್ತು.

ಧಾರವಾಡದ ಹೊಸಯಲ್ಲಾಪುರದಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ಅವ್ವನ ಅಕ್ಕ. ಎಪ್ಪತ್ತು ದಾಟಿದೆ. ಮದುವೆಗೆ ಮೊದಲಿನಿಂದ ಕಸೂತಿ ಹಾಕುತ್ತಾ ಬಂದವಳು. ಸಣ್ಣವಳಿದ್ದಾಗ ನನಗೂ ಕಲಿಸಲು ನೋಡಿದ್ದಳು, ನನಗೆ ಬಣ್ಣದ ಪೆನ್ಸಿಲ್ಲೇ ಹೆಚ್ಚಾಗಿತ್ತು. ಆ ಭಾನುವಾರ ಪೇಢೆ ಕಟ್ಟಿಸಿಕೊಂಡು ಹೋದವಳು, ಪ್ರಿಂಟ್ ತೆಗೆದಿದ್ದ ಲೇಬಲನ್ನೂ ತೋರಿಸಿದೆ. ಕನ್ನಡಕ ಏರಿಸಿಕೊಂಡಳು. ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ಕಾಗದವನ್ನು ತಿರುವಿ ಹಾಕಿ ಬೆನ್ನ ಕಡೆ ನೋಡಿದಳು. ಅಲ್ಲಿ ಏನಿರುತ್ತದೆ, ಬಿಳಿ ಹಾಳೆ.

“ಛಲೋ ಐತಿ. ಹಿಂದ ಏನೂ ಇಲ್ಲಲ್ಲ?”

“ಕಾಗದ ಬೇ ಅದು. ಹಿಂದ ಏನಿರತೈತಿ?”

ಮತ್ತೆ ಮುಂದಕ್ಕೆ ತಿರುವಿ, ನಾನು ಕೂಡಿಸಿದ್ದ ಚೌಕದ ಮೇಲೆ ಉಗುರಿಟ್ಟಳು. “ಈ ಚೌಕಡಿ ನೋಡು. ಸುತ್ತಲೂ ಖಾಲಿ ಬಿಟ್ಟೀದಿ. ಇಲ್ಲಿತನಾ ದಾರ ಹೆಂಗ ಬಂತು?”

“ಇದು ಛಾಪಾ ಮಾಡೂದು ದೊಡ್ಡವ್ವ, ಹಾಕೂದಲ್ಲ.”

“ಅಷ್ಟ ಗೊತ್ತಾಗೂದಿಲ್ಲೇನ ನನಗ? ಕಸೂತಿ ಅಂತ ನೀನ ಹೇಳಿದಿ. ದಾರಕ್ಕ ದಾರಿನ ಇಲ್ಲಂದ್ರ ಅದು ಕಸೂತಿ ಹೆಂಗ ಆದೀತವಾ?”

ಎದ್ದು ಹೋಗಿ ಟ್ರಂಕಿನಿಂದ ಒಂದು ಕರಿ ಇಳಕಲ್ ತುಂಡು ತಂದಳು. ಗವಂತಿ ಅನ್ನುವ ಕಸೂತಿ ಹೊಲಿಗೆ ಹಾಕಿ ತೋರಿಸಿದಳು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯಿಲ್ಲ, ಚುಕ್ಕಿಯಿಲ್ಲ. ಎಳೆ ಎಣಿಸುವುದು, ಸೂಜಿ ಚುಚ್ಚುವುದು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು: ಒಂದು, ಎರಡು, ಮೂರು, ನಾಕು. ಹೋಗುವಾಗ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಹೋಗುವಾಗ ಬಿಟ್ಟಿದ್ದನ್ನು ತುಂಬುತ್ತದೆ. ನಡುವೆ ಟಿಸಿಲು ಬಂದರೆ ಅದರ ತುದಿಯವರೆಗೆ ಹೋಗಿ, ತುಂಬಿಕೊಂಡು ವಾಪಸು ಬಂದು, ಮುಂದಿನ ಟಿಸಿಲು. ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಬಂದು ನಿಲ್ಲುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಬಟ್ಟೆ ತಿರುವಿದರೆ ಹಿಂದೆಯೂ ಅದೇ ಚಿತ್ರ, ಒಂದು ಗೆರೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುರ್ಗಿ ಅನ್ನುವ ಹೊಲಿಗೆಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ. ನೇಗಿ, ಮೆಂತೆ ಅನ್ನುವ ಉಳಿದೆರಡು ಹೊಲಿಗೆ ಹಾಕುವ ರೀತಿ ಬೇರೆ, ಅವುಗಳ ಬೆನ್ನು ಬೇರೆ. ನನ್ನ ತೇಲುವ ಚೌಕವನ್ನು ಹಾಕಬೇಕೆಂದರೆ ದಾರ ಹಿಂದುಗಡೆಯಿಂದ ಜಿಗಿದು ಬರಬೇಕು. ಮುಂದೆ ಕಾಣುವುದಿಲ್ಲ ನಿಜ. ಆದರೆ ಕಸೂತಿ ಗೊತ್ತಿದ್ದ ಹೆಂಗಸರು ಸೀರೆಯನ್ನು ಮೊದಲು ನೋಡುವುದೇ ಹಿಂದಿನಿಂದ. ಜಿಗಿದ ಎಳೆ ಕಂಡರೆ, ಹಾಕಿದವಳ ಕೈ ಎಂಥದು ಅಂತ ಅವರಿಗೆ ತಿಳಿದುಹೋಗುತ್ತದೆ.

ಧಾರವಾಡದಲ್ಲೇ ಹುಟ್ಟಿ ಬೆಳೆದು, ನೂರಾರು ಕಸೂತಿ ಚಿತ್ರ ಕೂಡಿಸಿಟ್ಟುಕೊಂಡು, ಗೋಪುರ ಯಾಕೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಎಳೆ ಎಣಿಸಿ ಹಾಕುವ ಹೊಲಿಗೆ ಅಡ್ಡ ಹೋದೀತು, ಉದ್ದ ಹೋದೀತು, ಓರೆ ಹೋದೀತು. ದುಂಡಗೆ ಹೋಗಲಾರದು. ಆನೆಯ ಬೆನ್ನು, ನವಿಲಿನ ಕುತ್ತಿಗೆ, ತೇರಿನ ಗಾಲಿ ಎಲ್ಲವೂ ಆ ನೇಯ್ಗೆಯ ಲೆಕ್ಕಕ್ಕೆ ಬಗ್ಗಿ ಆ ರೂಪ ಪಡೆದಿವೆ. ನಾನು ನುಣುಪು ಮಾಡಿದ್ದು ಆ ಲೆಕ್ಕವನ್ನೇ. ನಮ್ಮ ಫೋಲ್ಡರಿನ ಚಿತ್ರಗಳೆಲ್ಲ ಮುಂದಿನಿಂದ ತೆಗೆದವು. ಬೆನ್ನು ತಿರುವಿ ನೋಡಿದ್ದು ಒಂದೂ ಇರಲಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ಮೂವರೂ ಗ್ರಾಫ್ ಹಾಳೆ ತಂದುಕೊಂಡು ಕೂತೆವು. ನಮಗೆ ನಾವೇ ಒಂದು ಕಟ್ಟಳೆ ಹಾಕಿಕೊಂಡೆವು: ಪೆನ್ಸಿಲ್ ಎತ್ತುವಂತಿಲ್ಲ, ಹೋದ ದಾರಿಯಲ್ಲೇ ಬರಬೇಕು, ಎಲ್ಲ ಗೆರೆಗೂ ಎರಡೇ ಸಲ. ಒಂಬತ್ತು ದಿನ ಹಿಡಿಯಿತು. ಗೋಪುರದ ಜಾಗದಲ್ಲಿ ಮೆಣಸಿನ ಗಿಡ ಬಂತು. ಗಿಡಕ್ಕೆ ಟಿಸಿಲು ಸಹಜ, ದಾರಕ್ಕೂ ಅದೇ ಬೇಕು. ಬ್ಯಾಡಗಿ ಕಾಯಿಯ ಸುಕ್ಕು ನಮ್ಮನ್ನು ಬಹಳ ಕಾಡಿತ್ತು, ಅದು ಕೊನೆಗೆ ಮುರ್ಗಿಯ ಹತ್ತಿಳಿಯುವ ಗೆರೆಯಲ್ಲಿ ತಾನಾಗಿ ಬಂದು ಕೂತಿತು. ಅದನ್ನು ನಾವು ಹುಡುಕಿಕೊಂಡು ಹೋಗಿರಲಿಲ್ಲ. ಗ್ರಾಫ್ ಹಾಳೆಯ ಮೇಲೆ ನಮ್ಮ ಹುಡುಗನ ಪೆನ್ಸಿಲ್ ವಾಪಸು ಬರುವಾಗ ಆದದ್ದು ಅದು. “ಅಕ್ಕಾರ, ಇಲ್ಲಿ ನೋಡ್ರಿ” ಅಂತ ಅವನು ಕೂಗಿದ ಧ್ವನಿ ಇನ್ನೂ ಕಿವಿಯಲ್ಲಿದೆ.

ಲೇಬಲ್ ತಯಾರಾದ ಮೇಲೆ ಸಂಘದವರಿಗೆ ತೋರಿಸಲು ಹಳ್ಳಿಗೇ ಹೋದೆವು. ಮೆಣಸಿನಕಾಯಿ ಹರವಿದ ಅಂಗಳ, ಉಸಿರೆಳೆದರೆ ಕೆಮ್ಮು. ಅಧ್ಯಕ್ಷೆಯವರು ಚಲೋ ಆಗೇದ್ರಿ ಅಂದರು, ತೂಕ ಇನ್ನೂ ದೊಡ್ಡ ಅಂಕಿಯಲ್ಲಿರಲಿ ಅಂದರು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಮಾತ್ರ ಲೇಬಲ್ ತಗೊಂಡು ಬೆರಳಿನಿಂದ ಗೆರೆ ಹಿಡಿದು ಹೋಗತೊಡಗಿದಳು. ಬುಡದಿಂದ ಮೇಲೆ, ಎಡಗಡೆ ಟಿಸಿಲು, ಕಾಯಿ ಸುತ್ತಿ ವಾಪಸು, ಬಲಗಡೆ. ಬಹಳ ಹೊತ್ತು. ಆಮೇಲೆ ತಲೆಯೆತ್ತಿ, “ಇಲ್ಲಿಂದ ಶುರು ಮಾಡಿದ್ರ ಇಲ್ಲೇ ಬಂದ ಮುಗೀತೈತಲ್ರೀ?” ಅಂದಳು. ನಾವು ಯಾರಿಗೂ ಹೇಳಿರಲಿಲ್ಲ.

ಎರಡೂ ಮಗ್ಗಲು

ಇದಾದ ಮೇಲೆ ಎಲ್ಲಿ ಹೋದರೂ ಹಿಂದುಗಡೆ ಇಣುಕುವ ಚಟ ಹತ್ತಿತು. ಬೆಂಗೇರಿ ನಮ್ಮ ಸ್ಟುಡಿಯೋಕ್ಕೆ ದೂರವೇನಲ್ಲ. 1957ರ ನವೆಂಬರ್ 1ರಂದು ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ ಅನ್ನುವುದು ಹುಬ್ಬಳ್ಳಿಯವರಿಗೆಲ್ಲ ಗೊತ್ತು, ಆದರೆ ಒಳಗೆ ಹೋಗಿ ನೋಡಿದವರು ಕಡಿಮೆ. ನಾವು ಮೂವರೂ ಒಂದು ಮಧ್ಯಾಹ್ನ ಹೋದೆವು. ಅಲ್ಲಿನ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಶೋಕ ಚಕ್ರ. ಬಿಳಿ ಪಟ್ಟಿಯ ಎರಡೂ ಬದಿಗೆ ಅದನ್ನು ಛಾಪಿಸಬೇಕು, 24 ಅರಗಳೂ ಆ ಕಡೆಯವು ಈ ಕಡೆಯವುಗಳ ಮೇಲೆ ಸರಿಯಾಗಿ ಕೂಡಬೇಕು. ಕೂದಲೆಳೆ ಸರಿದರೂ ಬಿಸಿಲಿಗೆ ಹಿಡಿದರೆ ಎರಡು ಚಕ್ರ ಕಾಣುತ್ತವೆ. ಅಂಗೈಯಗಲದ 150×100 ಮಿಲಿಮೀಟರಿನ ಧ್ವಜದಿಂದ ಹಿಡಿದು 6300×4200 ಮಿಲಿಮೀಟರಿನ ಧ್ವಜದವರೆಗೆ ಒಂಬತ್ತು ಅಳತೆ, ಎಲ್ಲವೂ ಮೂರಕ್ಕೆ ಎರಡರ ಲೆಕ್ಕ. ಗಾಳಿಗೆ ಹಾರುವ ಬಟ್ಟೆಗೆ ಹಿಂದೆ ಮುಂದೆ ಅನ್ನುವುದೇ ಇಲ್ಲ. ನಾವು ಮಾಡುವ ಲೋಗೋಗಳೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಂತವು ಅನ್ನುವುದು ಅಲ್ಲಿ ಹೊಳೆಯಿತು. 2021ರ ಕೊನೆಗೆ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಪಾಲಿಯೆಸ್ಟರಿಗೂ ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಅಲ್ಲಿನ ಹೆಣ್ಣುಮಕ್ಕಳ ಕೈಗೆ ಬರುವ ಕೆಲಸ ಕಡಿಮೆಯಾಯಿತು. ಅದು ನನಗೆ ಈಗಲೂ ನೋವಿನ ಸಂಗತಿ.

ಮೂರನೇ ಗೆರೆ

ಇನ್ನೊಂದು ಪಾಠ ನಮಗೆ ಬೀದಿಯಲ್ಲಿ ಸಿಕ್ಕಿತು. ಅದಕ್ಕೆ ಮೊದಲು ನಮ್ಮ ತಪ್ಪೊಂದನ್ನು ಹೇಳಬೇಕು. ಒಂದು ಗೃಹಪ್ರವೇಶದ ಕಾರ್ಡು. ಪ್ರೆಸ್ಸಿನವರು ಎಂದಿನಂತೆ “ಕರ್ವ್ ಮಾಡಿ ಕಳಸ್ರಿ” ಅಂದಿದ್ದರು, ಅಂದರೆ ಅಕ್ಷರಗಳನ್ನು ಅಕ್ಷರವಾಗಿ ಬಿಡದೆ ಚಿತ್ರದ ಗೆರೆಗಳಾಗಿ ಮಾಡಿ. ಅವಸರದಲ್ಲಿ ನಾನು ಮಾಡಲಿಲ್ಲ. ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇರಲಿಲ್ಲ. 500 ಕಾರ್ಡುಗಳ ಮೇಲೆ ‘ಹುಬ್ಬಳ್ಳಿ’ ಅನ್ನುವುದು ‘ಹುಬ್‌ಬಳ್‌ಳಿ’ ಆಗಿ ಬಂತು. ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ನಿಂತಿದ್ದವು. ಎಲ್ಲವನ್ನೂ ನಮ್ಮ ಖರ್ಚಿನಲ್ಲಿ ಮತ್ತೆ ಹೊಡೆಸಿಕೊಟ್ಟೆವು. ಆ ಕಾರ್ಡು ನೋಡುತ್ತ ಆ ಮನೆಯ ಅಜ್ಜ ಹುಬ್ಬು ಗಂಟಿಕ್ಕಿ ತನ್ನ ಊರಿನ ಹೆಸರನ್ನೇ ಕೂಡಿಸಿ ಕೂಡಿಸಿ ಓದುತ್ತಿದ್ದುದನ್ನು ನಾನು ಮರೆಯಲಾರೆ.

ಕನ್ನಡದ ಡಿಸೈನಿನಲ್ಲಿ ಒತ್ತು ಅನ್ನುವುದು ಕೊನೆಗೆ ಹೇಗೋ ತೂರಿಸುವ ವಸ್ತುವಾಗಿಬಿಟ್ಟಿದೆ. ನಾವು ಬಳಸುವ ಸಾಫ್ಟ್‌ವೇರುಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕನ್ನಡ ಸರಿಯಾಗಿ ಕೂಡಬೇಕೆಂದರೆ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆ ಹುಡುಕಿ ಆರಿಸಿಕೊಳ್ಳಬೇಕು. ಸಾಲುಗಳ ನಡುವೆ ತಾನಾಗಿ ಸಿಗುವ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಆಗ ನಾವು ಮಾಡುವುದೇನು? ಒತ್ತು ಸಣ್ಣದು ಮಾಡುವುದು, ಇಲ್ಲವೇ ಒತ್ತಕ್ಷರ ಇಲ್ಲದ ಹೆಸರು ಇಟ್ಟುಕೊಳ್ಳಿ ಅಂತ ಗಿರಾಕಿಗೇ ಹೇಳುವುದು. ಎರಡನ್ನೂ ನಾನು ಮಾಡಿದ್ದೇನೆ.

ಹಳೇ ಬಸ್ ಸ್ಟ್ಯಾಂಡಿನ ಆಚೆ ಒಂದು ಖಾನಾವಳಿಯವರು ಫ್ಲೆಕ್ಸ್ ಬೇಡ, ಗೋಡೆಯ ಮೇಲೆ ಬರೆಸೋಣ ಅಂದರು. ನಾವು ‘ಬಿಸಿ ರೊಟ್ಟಿ ಊಟ’ ಅಂತ ಡಿಸೈನ್ ಮಾಡಿ ಕೊಟ್ಟೆವು. ಬರೆಯಲು ಬಂದವರು ಅರವತ್ತು ದಾಟಿದ ಪೇಂಟರ್ ಕಾಕಾ. ನಮ್ಮ ಪ್ರಿಂಟನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ದಾರಕ್ಕೆ ಖಡು ಹಚ್ಚಿ, ಒಂದು ತುದಿಯನ್ನು ನಮ್ಮ ಹುಡುಗಿಯ ಕೈಗೆ ಕೊಟ್ಟು, ಬಿಗಿ ಹಿಡಿ ಅಂದು, ನಡುವೆ ಎಳೆದು ಬಿಟ್ಟರು. ಟಪ್ ಅಂತ ಗೋಡೆಯ ಮೇಲೆ ಒಂದು ಬಿಳಿ ಗೆರೆ. ತಲಕಟ್ಟಿಗೊಂದು, ಅಕ್ಷರದ ಪಾದಕ್ಕೊಂದು. ಮುಗೀತು ಅಂದುಕೊಂಡೆ. ಕಾಕಾ ಇನ್ನೂ ಒಂದು ಗೇಣು ಕೆಳಗೆ ಮೂರನೇ ಗೆರೆ ಹೊಡೆದರು.

“ಇದ್ಯಾಕ್ರಿ ಕಾಕಾ?”

“ಒತ್ತಿಗೆ ಜಾಗಾ ಬ್ಯಾಡೇನವಾ? ಮೊದಲ ಅದರದ ನೋಡಬೇಕು. ಅದು ಎಲ್ಲಿತನಾ ಇಳೀತೈತಿ ಅನ್ನೂದರ ಮ್ಯಾಲೆ ತಲಕಟ್ಟು ಎಲ್ಲಿಂದ ಶುರು ಅನ್ನೂದು.”

ಮೊದಲು ಬರೆದದ್ದೂ ಆ ಟಕಾರದ ಒತ್ತನ್ನೇ. ಗೋಡೆಯ ಮೇಲೆ ಬೇರೇನೂ ಇಲ್ಲ, ಒತ್ತು ಒಂದೇ, ಕೆಂಪಗೆ, ಅಗಲವಾಗಿ, ಬಾಲ ಎಳೆದುಕೊಂಡು. ಅದರ ಮೇಲೆ ‘ಟಿ’, ಆಮೇಲೆ ‘ರೊ’. ಉಳಿದ ಅಕ್ಷರಗಳು ಅದರ ಸುತ್ತ ಬಂದು ಕೂತವು. ರಸ್ತೆಯ ಆ ಕಡೆಯಿಂದ ನೋಡಿದರೆ ಆ ಬರಹ ತೂಗುತ್ತಿರುವಂತಿತ್ತು, ಬುಡ ಭಾರವಾಗಿ, ನೆಲಕ್ಕೆ ಅಂಟಿಕೊಂಡು. ನಮ್ಮ ಡಿಸೈನ್ ಅವರ ಕಿಸೆಯಿಂದ ಹೊರಗೆ ಬರಲೇ ಇಲ್ಲ. ಅಂದಿನಿಂದ ನಮ್ಮ ಸ್ಟುಡಿಯೋದಲ್ಲಿ ಯಾವ ಕನ್ನಡ ಹೆಸರು ಬಂದರೂ ಮೊದಲು ಬರೆಯುವುದು ಅದರ ಅತಿ ಆಳದ ಒತ್ತನ್ನು. ಗದಗಿನ ಒಂದು ಪುಸ್ತಕದಂಗಡಿಗೆ, ಧಾರವಾಡದ ಒಂದು ಸಂಗೀತ ಶಾಲೆಗೆ ಮಾಡಿದ ಕೆಲಸಗಳು ಹೀಗೆ ಬುಡದಿಂದ ಎದ್ದವು. ಮೊದಲು ಹೇಳಿದ ಐದಾರರಲ್ಲಿ ಅವೂ ಇವೆ.

ಬಾಡಿಗೆಯ ಮಾತು

ನಮ್ಮ ಹುಡುಗ ಇದನ್ನೆಲ್ಲ ಪೂರ್ತಿ ಒಪ್ಪುವುದಿಲ್ಲ. “ಅಕ್ಕಾರ, ಒಂದ ಲೇಬಲ್ಲಿಗೆ ಒಂಬತ್ತ ದಿನ ಹಾಕಿದ್ರ ಬಾಡಿಗಿ ಹೆಂಗ ಕಟ್ಟೂದ್ರಿ?” ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಎಷ್ಟೋ ಕೆಲಸ ನಾಳೆ ಬೆಳಿಗ್ಗೆ ಹತ್ತಕ್ಕೆ ಬೇಕು ಅಂತಲೇ ಬರುತ್ತವೆ, ಅವುಗಳಿಗೆ ಫೋಲ್ಡರೇ ಗತಿ. ತಿಂಗಳಿಗೆ ಒಂದಾದರೂ ಕೆಲಸವನ್ನು ಬುಡದಿಂದ ಮಾಡೋಣ, ಉಳಿದದ್ದು ಹೊಟ್ಟೆಪಾಡಿಗೆ ಇರಲಿ ಅಂತ ಈಗ ಒಪ್ಪಂದಕ್ಕೆ ಬಂದಿದ್ದೇವೆ. ಎಲ್ಲ ತಿಂಗಳೂ ನಡೆಯುವುದಿಲ್ಲ.

ನನಗೆ ಹೆಚ್ಚು ಚುಚ್ಚುವುದು ಬೇರೆ ಲೆಕ್ಕ. ಕಸೂತಿ ಹಾಕಿದ ಒಂದು ಸೀರೆಗೆ ತಿಂಗಳುಗಟ್ಟಲೆ ಕೂರಬೇಕು, ಕಣ್ಣು ಹೋಗುತ್ತದೆ, ಕೈಗೆ ಬರುವ ಕೂಲಿ ಹೇಳಿಕೊಳ್ಳುವ ಹಾಗಿರುವುದಿಲ್ಲ. ಅದೇ ಸೀರೆಯ ಒಂದು ಫೋಟೋ ಹಿಡಿದು ನಾನು ಅರ್ಧ ತಾಸಿನಲ್ಲಿ ಗೆರೆ ಎಳೆದುಕೊಂಡು ಬಿಲ್ ಮಾಡುತ್ತೇನೆ. ನಮ್ಮ ಕಡೀದು, ನಮ್ಮ ಪರಂಪರೆ ಅಂದುಕೊಂಡು ಬಿಟ್ಟಿ ತೆಗೆದುಕೊಂಡೆವು. ಮೆಣಸಿನ ಪುಡಿಯ ಕೆಲಸ ಮುಗಿದ ಮೇಲೆ ದೊಡ್ಡವ್ವನಿಗೆ ಒಂದಿಷ್ಟು ರೊಕ್ಕ ಒಯ್ದೆ. ಬೈದು ಕಳಿಸಿದಳು. ಆದರೆ ಅವಳು ಬೇಡ ಅಂದದ್ದು ನನ್ನ ದೊಡ್ಡವ್ವ ಆಗಿ, ಆ ಮಾತು ಬೇರೆಯವರಿಗೆ ಸಲ್ಲುವುದಿಲ್ಲ. ಈಗ ನಮ್ಮ ಪ್ರತಿ ಕೊಟೇಶನ್ನಿನಲ್ಲಿ ‘ಕಲಿಸಿದವರಿಗೆ’ ಅಂತ ಒಂದು ಸಾಲು ಇರುತ್ತದೆ. ನೇಕಾರರ ಮಗ್ಗದ ಮುಂದೆ ಅರ್ಧ ದಿನ ಕೂತರೆ ಅವರ ಆ ಅರ್ಧ ದಿನದ ಕೂಲಿ, ಪೇಂಟರ್ ಕಾಕಾನಿಂದ ಅಕ್ಷರ ತಿದ್ದಿಸಿಕೊಂಡರೆ ಅವರ ಹಾಜರಿ. ಗಿರಾಕಿಗಳು ಚೌಕಾಸಿ ಮಾಡುವಾಗ ಮೊದಲು ಹೊಡೆಯಲು ನೋಡುವುದೂ ಅದೇ ಸಾಲನ್ನು. ಅಲ್ಲಿ ನಾನು ಬಗ್ಗುವುದಿಲ್ಲ. ನಮ್ಮ ಪಾಲಿನಿಂದ ಕಡಿಮೆ ಮಾಡಿಕೊಂಡದ್ದುಂಟು.

ಫೋಲ್ಡರನ್ನು ಕೊನೆಗೆ ಅಳಿಸಲಿಲ್ಲ. ಜಪಾನಿನ ಡಬ್ಬಿಗಳು ಹೋದವು, ಪೋಲೆಂಡಿನವು ಹೋದವು. ಅವುಗಳ ಹಿಂದೆ ಏನಿದೆ ಅಂತ ಹೋಗಿ ನೋಡಲು ನನ್ನಿಂದ ಆಗದು. ಲಕ್ಕುಂಡಿ, ನವಲಗುಂದ, ಬೆಟಗೇರಿ ಉಳಿದಿವೆ, ಅಲ್ಲಿಗೆ ಬಸ್ಸಿದೆ.

ಈಗ ಭಾನುವಾರ ಭಾನುವಾರ ಧಾರವಾಡಕ್ಕೆ ಹೋಗುತ್ತಿದ್ದೇನೆ. ದೊಡ್ಡವ್ವ ಕಲಿಸುತ್ತಿದ್ದಾಳೆ. ಕರಿ ಬಟ್ಟೆ ಬೇಡ, ಕಣ್ಣಿಗೆ ತ್ರಾಸು, ಮೊದಲು ದಪ್ಪ ಎಳೆಯ ಬಿಳಿ ಬಟ್ಟೆ ಅಂದಳು. ಎಣಿಸುವುದು ತಪ್ಪುತ್ತದೆ. ಮೂರು ಎಳೆಗೆ ಚುಚ್ಚಿಬಿಡುತ್ತೇನೆ, ಹತ್ತು ಹೊಲಿಗೆ ಮುಂದೆ ಹೋದ ಮೇಲೆ ಗೆರೆ ಕೂಡುವುದಿಲ್ಲ, ಮತ್ತೆ ಬಿಚ್ಚು. ಮೊನ್ನೆ ಒಂದು ಪುಟ್ಟ ತುಳಸಿಕಟ್ಟೆ ಮುಗಿಸಿದೆ. ಮುಂದಿನಿಂದ ಅಚ್ಚುಕಟ್ಟಾಗಿ ಬಂದಿತ್ತು. ಒಂದು ಮೂಲೆಯಲ್ಲಿ ಮಾತ್ರ ದಾರಿ ತಪ್ಪಿ, ಅಷ್ಟೂ ಬಿಚ್ಚಲು ಮನಸ್ಸಾಗದೆ, ಹಿಂದಿನಿಂದ ಒಂದು ಎಳೆ ಜಿಗಿಸಿ ದಾಟಿಸಿದ್ದೆ. ಆಕೆಯ ಕೈಗೆ ಕೊಟ್ಟೆ. ಮುಂದೆ ನೋಡಲೇ ಇಲ್ಲ, ನೇರ ತಿರುವಿದಳು. ಏನೂ ಅನ್ನಲಿಲ್ಲ. ಕೈ ಚಾಚಿ ಕತ್ತರಿ ಕೇಳಿದಳು.